ಒಂದು ಮುಕ್ತಾಯದ ಋಣ

ಚಂಡೆ ಬಾರಿಸುವವನನ್ನು ಜನ ಕೇಳುವ ಪ್ರಶ್ನೆಗಳು ಹೆಚ್ಚೇನೂ ಇಲ್ಲ. ಕಲಿತುದು ಯಾರಲ್ಲಿ, ಮೇಳದಲ್ಲಿ ಎಷ್ಟು ವರ್ಷ ಇದ್ದಿರಿ, ರಾತ್ರಿಯೆಲ್ಲ ಬಾರಿಸಿದರೆ ಕೈ ನೋಯುವುದಿಲ್ಲವೆ, ಇಷ್ಟೆ. ಆದರೆ ಬೆಂಗಳೂರಿಗೆ ಬಂದ ಮೇಲೆ ಇನ್ನೊಂದು ಪ್ರಶ್ನೆ ನನಗೆ ಆಗಾಗ ಎದುರಾಗತೊಡಗಿತು. ಆಟ ಮುಗಿದು, ಚಂಡೆಗೆ ಬಟ್ಟೆ ಸುತ್ತುತ್ತಿರುವಾಗ ಯಾರಾದರೂ ರಸಿಕರು ಬಳಿಗೆ ಬಂದು, "ಆ ಯುದ್ಧದ ಪದದ ಕೊನೆಯಲ್ಲಿ ಒಂದು ಮುಕ್ತಾಯ ಬಾರಿಸಿದಿರಲ್ಲ, ಕಡೆಯ ಪೆಟ್ಟನ್ನೇ ಬಿಟ್ಟುಬಿಟ್ಟಿರಿ, ಅದು ನಿಮ್ಮ ಸ್ವಂತದ್ದೆ?" ಎಂದು ವಿಚಾರಿಸುವರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಅವರು ಆ ನಗುವನ್ನು ಹೌದೆಂದು ಅರ್ಥಮಾಡಿಕೊಂಡು ಸಂತೋಷದಿಂದ ಹೊರಟುಹೋಗುತ್ತಿದ್ದರು. ಹಾಗೆ ಅರ್ಥವಾಗಲೆಂದೇ ನಾನು ನಕ್ಕುದು.

ಸುಮಾರು ನಲವತ್ತೈದು ವರ್ಷ ಹೀಗೆ ನಗುತ್ತ ಬಂದೆ. ಈಗ ಈ ಲೇಖನವನ್ನು ಬರೆಯಲು ಕುಳಿತಿರುವುದು ಆ ನಗುವಿನ ಲೆಕ್ಕವನ್ನು ಒಪ್ಪಿಸುವುದಕ್ಕಾಗಿ.

ನನ್ನ ಊರು ಕೆರಾಡಿ. ಕುಂದಾಪುರ ತಾಲೂಕಿನ ವಂಡ್ಸೆ ಹೋಬಳಿಯಲ್ಲಿ, ಘಟ್ಟದ ಬುಡದ ಕಾಡಿಗೆ ಅಂಟಿಕೊಂಡಿರುವ ಗ್ರಾಮ. ಈಗ ಈ ಹೆಸರನ್ನು ಹೇಳಿದೊಡನೆ ಬೆಂಗಳೂರಿನಲ್ಲಿಯೂ ಜನ ತಲೆದೂಗುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ತೆರೆಕಂಡ 'ಕಾಂತಾರ'ದ ನಿರ್ದೇಶಕರೂ ನಾಯಕನಟರೂ ಆದ ರಿಷಬ್ ಶೆಟ್ಟಿಯವರು ಈ ಊರಿನವರು. ಚಿತ್ರದ ಬಹುಭಾಗ ತಯಾರಾದುದೂ ಇಲ್ಲಿಯೇ. ನನ್ನ ಬಾಲ್ಯದಲ್ಲಾದರೋ ಕುಂದಾಪುರದ ಪೇಟೆಯವರಿಗೇ ಕೆರಾಡಿ ಎಲ್ಲಿದೆಯೆಂದು ವಿವರಿಸಿ ಹೇಳಬೇಕಾಗುತ್ತಿತ್ತು. ಮೂಡಗಲ್ಲಿನ ಕೇಶವನಾಥೇಶ್ವರನನ್ನು ಬಲ್ಲವರಿಗೆ ಮಾತ್ರ ದಾರಿ ಗೊತ್ತು. ಅಲ್ಲಿ ದೇವರಿರುವುದು ಬಂಡೆಯ ಗುಹೆಯಲ್ಲಿ. ಗುಹೆಯ ತುಂಬ ನೀರು, ನೀರಿನ ತುಂಬ ಮೀನು. ಆ ನೀರಿನಲ್ಲಿ ನಡೆದೇ ದೇವರ ಬಳಿಗೆ ಹೋಗಬೇಕು. ಹುಡುಗರಾದ ನಾವು ಒಳಗೆ ಹೋದಾಗ ಒಮ್ಮೆ ಚಪ್ಪಾಳೆ ತಟ್ಟಿ, ಆ ಸದ್ದು ಕತ್ತಲೆಯಲ್ಲಿ ಸುತ್ತಿ ಮರಳಿ ಬರುವುದನ್ನು ಕಿವಿಗೊಟ್ಟು ಕೇಳುತ್ತಿದ್ದೆವು. ಸದ್ದಿನ ವಿಷಯದಲ್ಲಿ ನನಗೆ ಮೊದಲ ಬೆರಗು ಹುಟ್ಟಿದುದು ಅಲ್ಲಿ.

ಎರಡನೆಯ ಬೆರಗು ಹುಟ್ಟಿದುದು ಕಂಬಳಗದ್ದೆಯ ಅಂಚಿನಲ್ಲಿ.

ನಮ್ಮದು ಗೇಣಿಯ ಒಕ್ಕಲು. ಮನೆಯ ಕೆಳಗೆ ಧಣಿಗಳ ದೊಡ್ಡ ಕಂಬಳಗದ್ದೆ. ಕಂಬಳದ ಮುನ್ನಾದಿನ ಸಂಜೆಯಿಂದಲೇ ಕೊರಗರು ಡೋಲು ಹೊತ್ತುಕೊಂಡು ಬರುವರು. ರಾತ್ರಿಯೆಲ್ಲ ಗದ್ದೆಯ ಬದಿಯಲ್ಲಿ ಕುಳಿತು ಡೋಲು ಬಾರಿಸುವುದು ಅವರ ಪಾಲಿಗೆ ಬಂದ ಕಟ್ಟಳೆ. ತುಳುನಾಡಿನ ಕಡೆ ಇದಕ್ಕೆ 'ಪನಿ ಕುಲ್ಲುನೆ', ಅಂದರೆ ಇಬ್ಬನಿಯಲ್ಲಿ ಕುಳಿತುಕೊಳ್ಳುವುದು, ಎಂಬ ಹೆಸರಿದೆ. ಹೆಸರೇನೋ ಕವಿತೆಯಂತೆ ಇದೆ. ಕುಳಿತವರ ಬೆನ್ನಿಗೆ ಮಾತ್ರ ಅದು ಮಾರ್ಗಶಿರದ ಚಳಿಯೇ ಹೊರತು ಕವಿತೆಯಲ್ಲ. ಇದು ನನಗೆ ಅರ್ಥವಾಗಲು ಬಹಳ ವರ್ಷಗಳು ಬೇಕಾದುವು. ಎಂಟೊಂಬತ್ತು ವರ್ಷದ ನನಗೆ ಆ ರಾತ್ರಿ ಹಬ್ಬವೇ ಆಗಿತ್ತು. ಕಂಬಳಿ ಹೊದ್ದು ಮಾಡಿನ ಕೆಳಗೆ ಮಲಗಿ, ದೂರದಿಂದ ಏರುತ್ತ ಇಳಿಯುತ್ತ ಬರುವ ಆ ಬಡಿತಕ್ಕೆ ಬೆರಳಿನಿಂದ ಚಾಪೆಯ ಮೇಲೆ ತಾಳ ಹಾಕುತ್ತಿದ್ದೆ.

ಅವರಲ್ಲಿ ಹಿರಿಯರೊಬ್ಬರಿದ್ದರು. ಆಗಲೇ ಅರವತ್ತು ದಾಟಿದ ಪ್ರಾಯ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಕಾರಣ ಮುಂದೆ ವಾಚಕರಿಗೆ ತಿಳಿಯುವುದು. ಇಲ್ಲಿ 'ಅವರು' ಎಂದು ಬರೆಯುತ್ತಿರುವ ನಾನು ಆ ದಿನಗಳಲ್ಲಿ 'ಅವನು' ಎನ್ನುತ್ತಿದ್ದೆ ಎಂಬುದನ್ನೂ ಮುಚ್ಚಿಡಬಾರದು. ಅವರು ನನ್ನನ್ನು 'ಸಣ್ಣೊಡೆಯಾ' ಎಂದು ಕರೆಯುತ್ತಿದ್ದರು. ಬೀಳಿನಿಂದ ಹೆಣೆದ ಬುಟ್ಟಿ, ಹೆಡಗೆಗಳನ್ನು ತಂದಾಗ ಅಂಗಳದ ಆಚೆ, ತೆಂಗಿನ ಬುಡದಲ್ಲಿ ನಿಲ್ಲುವರು. ಅಮ್ಮ ಬಾಳೆಯೆಲೆಯಲ್ಲಿ ಅನ್ನ ಬಡಿಸಿ, ಅಲ್ಲಿಯೇ ನೆಲದ ಮೇಲಿಟ್ಟು ಹಿಂದೆ ಸರಿಯುವಳು. ಅಮ್ಮ ಕೆಟ್ಟವಳಲ್ಲ, ಎಲೆಯಲ್ಲಿ ಎರಡು ತುತ್ತು ಹೆಚ್ಚೇ ಇರುತ್ತಿತ್ತು. ಆದರೆ ಎಲೆ ನೆಲದ ಮೇಲೆ ಇರುತ್ತಿತ್ತು.

ಒಂದು ದಿನ ಅವರು ಊಟ ಮುಗಿಸಿ ಬೀಡಿ ಹಚ್ಚಿದ್ದಾಗ ನಾನು ಹೊಸ ಹೆಡಗೆಯೊಂದನ್ನು ಕವುಚಿ ಹಾಕಿ, ಎರಡು ಕಡ್ಡಿ ಹಿಡಿದು, ಕಂಬಳದ ರಾತ್ರಿ ಕೇಳಿದುದನ್ನು ಬಾರಿಸತೊಡಗಿದೆ. ಅವರು ಸ್ವಲ್ಪ ಹೊತ್ತು ಕೇಳಿ ನಕ್ಕರು. ಬಳಿಕ ನನ್ನ ಕೈಯಿಂದ ಕಡ್ಡಿಯನ್ನು ತೆಗೆದುಕೊಳ್ಳದೆ, ತಾವೇ ಬೇರೆ ಎರಡು ಕಡ್ಡಿ ಮುರಿದುಕೊಂಡು, ಇನ್ನೊಂದು ಹೆಡಗೆಯ ಮೇಲೆ ಅದನ್ನೇ ಬಾರಿಸಿ ತೋರಿಸಿದರು. ಮುಕ್ತಾಯಕ್ಕೆ ಬಂದಾಗ ಎಲ್ಲ ಪೆಟ್ಟುಗಳೂ ಓಡಿ ಬಂದು ಒಂದು ಕಡೆ ಸೇರಿದುವು. ಇನ್ನೇನು ಕೊನೆಯ ಪೆಟ್ಟು ಬೀಳಬೇಕು, ಅವರ ಕೈ ಗಾಳಿಯಲ್ಲಿ ನಿಂತುಬಿಟ್ಟಿತು.

ನಾನು, "ತಪ್ಪಿತು!" ಎಂದೆ.

"ತಪ್ಪಲಿಲ್ಲ. ಕಡೀ ಪೆಟ್ಟ್ ಕಾಲಿಂದ್, ಸಣ್ಣೊಡೆಯಾ. ಅದ್ನ ನಾವ್ ಹೊಡಿಯೂಕಾಗ," ಎಂದರು ಅವರು.

ಕಡೆಯ ಪೆಟ್ಟು ಕಾಲಿನದು. ಕುಣಿಯುವವನ ಕಾಲು ಅಲ್ಲಿ ಬಂದು ನೆಲ ಮುಟ್ಟಬೇಕು; ವಾದ್ಯದವನು ಆ ಜಾಗವನ್ನು ಅವನಿಗಾಗಿ ಬಿಟ್ಟುಕೊಡಬೇಕು. ಇದಕ್ಕಿಂತ ದೊಡ್ಡ ಪಾಠವನ್ನು ಲಯದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಟ್ಟಿಲ್ಲ. ಆ ಮಧ್ಯಾಹ್ನ ಅವರು ಅದನ್ನು ಏಳೆಂಟು ಸಲ ಬಾರಿಸಿ ತೋರಿಸಿದರು. ಆಮೇಲೆ ಅಪ್ಪಯ್ಯ ಗದ್ದೆಯಿಂದ ಬರುವುದನ್ನು ಕಂಡು ಎದ್ದು ದೂರ ನಿಂತರು.

ಹದಿನೇಳನೆಯ ವಯಸ್ಸಿನಲ್ಲಿ, 1976ರಲ್ಲಿ, ನಾನು ಒಂದು ಬಯಲಾಟದ ಮೇಳವನ್ನು ಸೇರಿದೆ. ಗುರುಗಳಲ್ಲಿ ಎರಡು ಮಳೆಗಾಲ ಕಲಿತದ್ದಾಗಿತ್ತು. ಝಂಪೆ, ತ್ರಿವುಡೆ, ರೂಪಕ, ಏಕ, ಅಷ್ಟ ಎಂದು ತಾಳಗಳೆಲ್ಲ ಬಾಯಿಗೆ ಬಂದಿದ್ದುವು. ಕೈಗೆ ಅರ್ಧ ಬಂದಿದ್ದುವು. ದೀಪಾವಳಿ ಕಳೆದು ಹೊರಟ ಮೇಳ ಮಳೆ ಹತ್ತಿರವಾಗುವ ತನಕ ಊರಿಂದೂರಿಗೆ ತಿರುಗುವುದು. ಹರಕೆಯ ಆಟವಾದುದರಿಂದ ಕೊಯ್ದ ಗದ್ದೆಯಲ್ಲಿ ರಂಗಸ್ಥಳ. ಸಂಜೆ ಕೇಳಿ ಬಾರಿಸಿದರೆ ಸುತ್ತಲ ಮನೆಗಳವರು ಚಾಪೆ ಸುತ್ತಿಕೊಂಡು ಬರುವರು. ಹಿಮ್ಮೇಳದಲ್ಲಿ ಭಾಗವತರು, ಮದ್ದಳೆಯವರು, ಶ್ರುತಿಯವನು, ಅವರ ಪಕ್ಕದಲ್ಲಿ ಚಂಡೆಯೊಡನೆ ನಾನು. ಮೊದಲ ವರ್ಷ ಸಂಭಾವನೆಗಿಂತ ಬೈಗುಳವೇ ಹೆಚ್ಚು ಸಂಪಾದನೆಯಾಯಿತು.

ಎರಡನೆಯ ವರ್ಷದ ಒಂದು ರಾತ್ರಿ 'ಕರ್ಣಾರ್ಜುನ ಕಾಳಗ'. ನಸುಕಿನ ಜಾವ, ಸಭೆಯಲ್ಲಿ ಅರ್ಧದಷ್ಟು ಜನ ನಿದ್ದೆಯಲ್ಲಿದ್ದರು. ಅರ್ಜುನನ ಪದ ಮುಗಿದು ಬಿಡ್ತಿಗೆ ಬಂದಾಗ ನನ್ನ ಕೈ, ನಾನು ಎಣಿಸದೆಯೇ, ಆ ಹೆಡಗೆಯ ಮುಕ್ತಾಯಕ್ಕೆ ತಿರುಗಿತು. ಓಡಿ ಬಂದ ಪೆಟ್ಟುಗಳು ಸೇರಿದುವು. ಕಡೆಯದನ್ನು ನಾನು ಬಾರಿಸಲಿಲ್ಲ. ಆ ಖಾಲಿಯ ಮೇಲೆ ಅರ್ಜುನನ ಕಾಲು ಗೆಜ್ಜೆಯೊಡನೆ ನೆಲಕ್ಕೆ ಬಿತ್ತು. ನಿದ್ದೆಯಲ್ಲಿದ್ದವರು ಎದ್ದು ಕುಳಿತರು. ಯಾರೋ ಶಿಳ್ಳೆ ಹಾಕಿದರು.

ಬೆಳಗ್ಗೆ ಚೌಕಿಯಲ್ಲಿ ಭಾಗವತರು, "ಹ್ವಾಯ್ ಮಾಣಿ, ಆ ಮುಕ್ತಾಯ ಎಲ್ಲಿಂದ ತಂದೆ?" ಎಂದು ಕೇಳಿದರು. ಬಣ್ಣ ಒರೆಸಿಕೊಳ್ಳುತ್ತಿದ್ದವರೆಲ್ಲ ನನ್ನತ್ತ ತಿರುಗಿದರು.

"ಹಾಂಗೇ ಹೊಳೀತು," ಎಂದೆ.

ಅಷ್ಟೆ. ಎರಡೇ ಶಬ್ದ. ಅಂದಿನ ಚೌಕಿಯಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕು, ಯಾರ ಪೆಟ್ಟಿಗೆ ಎಲ್ಲಿರಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ಕ್ರಮವಿತ್ತು. ಕೊರಗರಿಂದ ಕಲಿತೆ ಎಂದಿದ್ದರೆ ನಗೆಯಾಗುತ್ತಿತ್ತು, ಬಹುಶಃ ಅದಕ್ಕಿಂತ ಹೆಚ್ಚಿನದೂ ಆಗುತ್ತಿತ್ತು. ಇದನ್ನು ನಾನು ಎಷ್ಟೋ ಕಾಲ ಸಮರ್ಥನೆಯಾಗಿ ಇಟ್ಟುಕೊಂಡಿದ್ದೆ. ಆದರೆ ಭಯವೊಂದೇ ಆಗಿದ್ದರೆ, ಭಯ ಹೋದ ಮೇಲಾದರೂ ಸತ್ಯ ಹೊರಗೆ ಬರಬೇಕಿತ್ತು. ಬರಲಿಲ್ಲ. 'ಹೊಳೆಯಿತು' ಎಂದು ಹೇಳುವಾಗ ನನಗೆ ಒಂದು ಸುಖವಾಗಿತ್ತು. ಆ ಸುಖವನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಹೊಸತು ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ದೊಡ್ಡವರನ್ನು ನೋಡಿ ಸ್ವಲ್ಪ ಕಲಿತಿದ್ದೇನೆ. ಹಿರಿಯಡಕ ಗೋಪಾಲರಾಯರು ಬಡಗುತಿಟ್ಟಿನಲ್ಲಿ ಏರು ಮದ್ದಳೆಯನ್ನು ಬಳಕೆಗೆ ತಂದವರೆಂದು ಪ್ರಸಿದ್ಧರು. ನೂರು ವರ್ಷ ತುಂಬಿದ ಜೀವ, 2020ರಲ್ಲಿ ತೀರಿಕೊಂಡರು. ಹಲಸಿನ ಕಳಸಿಗೆ, ಚರ್ಮದ ಮುಚ್ಚಿಗೆ, ಬಾರು, ನಡುವೆ ಕರಣೆ, ಇವೆಲ್ಲ ಎಲ್ಲರ ಮದ್ದಳೆಗೂ ಇದ್ದುದೆ. ಅದರ ಶ್ರುತಿಯನ್ನು ಮೇಲಕ್ಕೆ ಏರಿಸಿದರೆ ಪದಕ್ಕೂ ಕುಣಿತಕ್ಕೂ ಏನು ಒದಗಬಹುದು ಎಂದು ಯೋಚಿಸಿದುದು ಅವರ ಹೆಚ್ಚಳ. ಭಾಗವತ ಕಾಳಿಂಗ ನಾವುಡರನ್ನು ನೋಡಿ. 1958ರಲ್ಲಿ ಗುಂಡ್ಮಿಯಲ್ಲಿ ಹುಟ್ಟಿ, 1990ರಲ್ಲಿ ರಸ್ತೆಯ ಅಪಘಾತದಲ್ಲಿ ಹೋಗಿಬಿಟ್ಟರು. ಆ ಸಣ್ಣ ಆಯುಷ್ಯದಲ್ಲಿಯೇ ಯಕ್ಷಗಾನದ ಪದಗಳಿಗೆ ಹೊಸ ರಾಗಗಳನ್ನು ಹೊಂದಿಸಿದರು, 'ನಾಗಶ್ರೀ'ಯಂತಹ ಹೊಸ ಪ್ರಸಂಗವನ್ನೂ ಬರೆದರು. ಅವರೂ ಬೇರೆ ಕಡೆಯಿಂದ ಕೇಳಿದುದನ್ನೇ ತಂದರು. ಆದರೆ ಅವರು ತಂದ ರಾಗಗಳಿಗೆ ಹೆಸರಿತ್ತು. ಕೇಳಿದವರು, ಇದು ಇಂಥ ರಾಗ ಎಂದು ಗುರುತಿಸಬಲ್ಲವರಾಗಿದ್ದರು.

ನಾನು ತಂದುದಕ್ಕೆ ಹೆಸರಿರಲಿಲ್ಲ. ಹೆಸರಿಲ್ಲದ ವಸ್ತುವನ್ನು ತನ್ನದೆಂದು ಹೇಳಿಕೊಳ್ಳುವುದು ಸುಲಭ. ಕಲೆಯಲ್ಲಿ ತೆಗೆದುಕೊಳ್ಳುವುದು ತಪ್ಪಲ್ಲ. ತೆಗೆದುಕೊಳ್ಳದೆ ಬೆಳೆದ ಕಲೆಗಾರನನ್ನು ನಾನು ಕಂಡಿಲ್ಲ. ಆದರೆ ಗುರುಗಳ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುವ ನಮ್ಮ ಕೈ, ಕೆಲವರ ಹೆಸರು ಬಂದಾಗ ಮಾತ್ರ ಏಕೆ ಮೇಲೇಳುವುದಿಲ್ಲ ಎಂಬುದನ್ನು ಯೋಚಿಸಬೇಕಾಗಿತ್ತು.

ಆ ಹಿರಿಯರು 1981ರ ಮಳೆಗಾಲದಲ್ಲಿ ತೀರಿಕೊಂಡರು. ನಾನು ಊರಿನಲ್ಲಿಯೇ ಇದ್ದೆ. ಹೋಗಲಿಲ್ಲ.

ಮೇಳ ಬಿಟ್ಟು ಬೆಂಗಳೂರಿಗೆ ಬಂದುದು ಹನ್ನೆರಡು ವರ್ಷಗಳ ತಿರುಗಾಟದ ನಂತರ. ಮಕ್ಕಳಿಗೆ ಶಾಲೆ ಬೇಕಿತ್ತು. ಮನೆಗೆ ತಿಂಗಳಿಗೊಂದು ಖಚಿತವಾದ ವರಮಾನ ಬೇಕಿತ್ತು. ಕೆಲವು ಶಿಷ್ಯರಿಗೆ ಪಾಠ, ಯಕ್ಷಗಾನ ಸಂಘಗಳ ಆಟ, ನಡುನಡುವೆ ಸಿನೆಮಾ ಸಂಗೀತದ ಧ್ವನಿಮುದ್ರಣ. ಗಾಜಿನ ಕೋಣೆಯಲ್ಲಿ ಕಿವಿಗೆ ಯಂತ್ರ ತೊಟ್ಟು ಕುಳಿತು, ಎರಡು ಆವರ್ತ ಬಾರಿಸಿದರೆ ಸಾಕು. ಅದನ್ನೇ ಕತ್ತರಿಸಿ ಎಷ್ಟು ಉದ್ದಕ್ಕೆ ಬೇಕಾದರೂ ಜೋಡಿಸಿಕೊಳ್ಳುತ್ತಾರೆ. ಒಂದು ಸಲ, "ಹಳ್ಳಿಯ ಸೊಗಡಿರುವ ಏನಾದರೂ ಬಾರಿಸಿ," ಎಂದರು. ನಾನು ಯಾವುದನ್ನು ಬಾರಿಸಿದೆನೆಂದು ಹೇಳಬೇಕಾಗಿಲ್ಲ. ಇಡೀ ರಾತ್ರಿ ಚಂಡೆ ಬಾರಿಸಿದರೂ ಮೇಳದಲ್ಲಿ ಸಿಗದಿದ್ದ ಹಣ ಅರ್ಧ ಗಂಟೆಯಲ್ಲಿ ಕೈಗೆ ಬಂತು. ಆ ಹಣದಲ್ಲಿ ಹೆಂಡತಿಗೆ ಒಂದು ರೇಷ್ಮೆ ಸೀರೆ ಕೊಂಡೆ.

ಆ ದಿನಗಳಲ್ಲಿ ಸಮಾಜದ ಬಗ್ಗೆ ಕಲಾವಿದನಿಗೆ ಹೊಣೆಯಿಲ್ಲವೆ ಎಂದು ಯಾರಾದರೂ ಕೇಳಿದ್ದರೆ, ಇದೆ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ನೆರೆ ಬಂದಾಗ, ಯಾರಿಗಾದರೂ ಶಸ್ತ್ರಚಿಕಿತ್ಸೆಯಾಗಬೇಕಾದಾಗ, ಶಾಲೆಗೆ ಹೆಂಚು ಬೇಕಾದಾಗ ಸಹಾಯಾರ್ಥವಾಗಿ ಎಷ್ಟೋ ಆಟಗಳಲ್ಲಿ ಸಂಭಾವನೆಯಿಲ್ಲದೆ ಬಾರಿಸಿದ್ದೇನೆ. ಅದು ಸುಳ್ಳಲ್ಲ. ಆದರೆ ಕೊಡುವುದರಲ್ಲಿ ಒಂದು ಅನುಕೂಲವಿದೆ; ಯಾರಿಗೆ, ಎಷ್ಟು, ಯಾವಾಗ ಎಂಬುದನ್ನು ನಾವೇ ನಿಶ್ಚಯಿಸಬಹುದು. ಸಾಲ ತೀರಿಸುವುದು ಹಾಗಲ್ಲ.

ಸಾಲದ ಮಾತು ಬಂದುದರಿಂದ ಭೂಮಿಯ ಮಾತನ್ನೂ ಹೇಳಬೇಕು. ಶಿವರಾಮ ಕಾರಂತರು 'ಚೋಮನ ದುಡಿ'ಯನ್ನು 1933ರಲ್ಲಿ ಬರೆದರು. ತಾನೂ ಒಂದು ತುಂಡು ಗದ್ದೆ ಉಳಬೇಕೆಂದು ಆಸೆಪಟ್ಟ ಅಸ್ಪೃಶ್ಯ ಚೋಮನ ಕೈಯಲ್ಲಿ ಕೊನೆಗೆ ಉಳಿಯುವುದು ದುಡಿಯೊಂದೇ. 1975ರಲ್ಲಿ ಬಿ. ವಿ. ಕಾರಂತರು ಅದನ್ನು ಚಿತ್ರವಾಗಿಸಿ, ಸಂಗೀತವನ್ನೂ ತಾವೇ ಸಂಯೋಜಿಸಿದರು. ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂತು. ನಾನು ಆ ಚಿತ್ರವನ್ನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಕಣ್ಣೊರೆಸಿಕೊಂಡಿದ್ದೇನೆ. ಆದರೆ ಅದೇ ಕಾಲಕ್ಕೆ ನಮ್ಮ ಮನೆಯಲ್ಲಿ ನಡೆದುದನ್ನು ಆ ಕಣ್ಣೀರಿನೊಡನೆ ಸೇರಿಸಿ ನೋಡಲಿಲ್ಲ. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಹೊಲ ಬಂತು. ಅಪ್ಪಯ್ಯ ಡಿಕ್ಲರೇಶನ್ ಕೊಟ್ಟರು. ಗೇಣಿಯ ಗದ್ದೆ, ತೋಟ ನಮ್ಮದಾಯಿತು. ತೋಟದ ಆಚೆಯ ಗುಡ್ಡದಲ್ಲಿದ್ದ ಡೋಲಿನವರು ಗೇಣಿದಾರರಲ್ಲ. ಅವರ ಹೆಸರಿನಲ್ಲಿ ಚೀಟಿಯಿಲ್ಲ, ರಶೀದಿಯಿಲ್ಲ. ಆದುದರಿಂದ ಅವರಿಗೆ ಏನೂ ಬರಲಿಲ್ಲ. ನಮ್ಮ ತೋಟ ನಮ್ಮದಾದ ಮೇಲೆ ನಾವು ಅದಕ್ಕೆ ಬೇಲಿ ಹಾಕಿದೆವು. ಅವರು ನಡೆದುಬರುತ್ತಿದ್ದ ದಾರಿ ಬೇಲಿಯ ಒಳಗಾಯಿತು. ತೋಡಿನ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ನಡೆಯುವಷ್ಟು ಜಾಗ ಉಳಿಯಿತು.

2000ದಲ್ಲಿ ಕರ್ನಾಟಕ ಸರ್ಕಾರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ತಂದಿತು. ಕೊರಗರನ್ನು ಕೀಳಾಗಿ ಕಾಣುವುದು, ಕೂದಲು, ಉಗುರು ಬೆರೆಸಿದ ಅನ್ನವನ್ನು ತಿನ್ನಿಸುವುದು, ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳಂತೆ ಓಡಿಸುವುದು, ಇವೆಲ್ಲ ಅಂದಿನಿಂದ ಶಿಕ್ಷಾರ್ಹ ಅಪರಾಧಗಳು. ಈ ಶಬ್ದಗಳನ್ನು ಕಾಯಿದೆಯಲ್ಲಿ ಬರೆಯಬೇಕಾಗಿ ಬಂತು ಎಂಬುದನ್ನು ವಾಚಕರು ಒಂದು ಕ್ಷಣ ಆಲೋಚಿಸಬೇಕು. ಅದಾದ ಎರಡು ಮೂರು ವರ್ಷಗಳಲ್ಲಿ ನಾನು ಊರಿಗೆ ಹೋದಾಗ, ಆ ಹಿರಿಯರ ಮನೆಯವರು ಡೋಲು ಬಾರಿಸುವುದನ್ನು ಬಿಟ್ಟಿದ್ದಾರೆಂದು ತಿಳಿಯಿತು. ನನಗೆ ನಿಜವಾಗಿಯೂ ಮರುಕವಾಯಿತು. ಒಂದು ಕಲೆ ಕಣ್ಣೆದುರಿಗೇ ನಶಿಸುತ್ತಿದೆಯಲ್ಲ ಎಂದು ಅವರ ಮೊಮ್ಮಗನನ್ನು ಕಾಣಲು ಹೋದೆ. ಮೂವತ್ತರ ಹರೆಯದ ಯುವಕ. ಪಂಚಾಯತಿಯಲ್ಲಿ ಒಂದು ಸಣ್ಣ ಕೆಲಸ. ಅವರು ನನ್ನನ್ನು ಒಡೆಯ ಎನ್ನಲಿಲ್ಲ, ನೀವು ಎಂದರು. ಒಳಗೆ ಕರೆದು ಚಾಪೆ ಹಾಕಿದರು. ಆ ಮನೆಯೊಳಗೆ ನಾನು ಕಾಲಿಟ್ಟುದು ಅದೇ ಮೊದಲು.

ಬೆಂಗಳೂರಿನ ಒಂದು ಜಾನಪದ ಉತ್ಸವಕ್ಕೆ ಬರಬೇಕು, ನಿಮ್ಮ ಅಜ್ಜನ ವಿದ್ಯೆ ಉಳಿಯಬೇಕು ಎಂದು ಬಹಳ ಹೊತ್ತು ಮಾತನಾಡಿದೆ. ಅವರು ಸಮಾಧಾನದಿಂದ ಕೇಳಿ ಹೇಳಿದರು: "ನೀವು ಚಂಡೆಯನ್ನು ಬೇಕಾದಾಗ ಬಾರಿಸುತ್ತೀರಿ, ಬೇಡವಾದಾಗ ಕೆಳಗಿಡುತ್ತೀರಿ. ಅಜ್ಜನಿಗೆ ಕೆಳಗಿಡಲು ಆಗುತ್ತಿರಲಿಲ್ಲ. ಜ್ವರ ಬಂದರೂ ಹೋಗಬೇಕಿತ್ತು. ನಾವು ಈಗ ಕೆಳಗಿಟ್ಟಿದ್ದೇವೆ. ಸ್ವಲ್ಪ ಕಾಲ ಹಾಗೇ ಇರಲಿ."

ನಾನು ಸುಮ್ಮನಾದೆ. ಕಲೆಗಾರನ ಸ್ವಾತಂತ್ರ್ಯವೆಂದು ನಾವು ಸಭೆಗಳಲ್ಲಿ ಮಾತನಾಡುವಾಗ ಬಾರಿಸುವ ಸ್ವಾತಂತ್ರ್ಯವನ್ನೇ ಹೇಳುತ್ತೇವೆ. ಬಾರಿಸದೆ ಇರುವ ಸ್ವಾತಂತ್ರ್ಯ ಅದಕ್ಕಿಂತ ಮೊದಲಿನದು ಎಂದು ನನಗೆ ತಿಳಿದುದು ಆ ಚಾಪೆಯ ಮೇಲೆ. ಅಂದಾದರೂ ಮುಕ್ತಾಯದ ಸಂಗತಿಯನ್ನು ಹೇಳಬಹುದಾಗಿತ್ತು. ಬಾಯಿಯವರೆಗೆ ಬಂದುದನ್ನು ನುಂಗಿಕೊಂಡು, ತೋಡಿನ ಅಂಚಿನಲ್ಲಿ ಹಿಂತಿರುಗಿದೆ.

2021ರ ಡಿಸೆಂಬರಿನಲ್ಲಿ, ಕಾರಂತರ ಕೋಟದ ಪಕ್ಕದಲ್ಲಿಯೇ ಇರುವ ಕೋಟತಟ್ಟಿನ ಕೊರಗ ಕಾಲನಿಯಲ್ಲಿ, ಮದುವೆಯ ಮೆಹಂದಿ ನಡೆಯುತ್ತಿದ್ದಾಗ, ಧ್ವನಿವರ್ಧಕದ ಸದ್ದು ಹೆಚ್ಚಾಯಿತೆಂಬ ದೂರಿನ ಮೇಲೆ ಪೊಲೀಸರು ಬಂದು ಲಾಠಿ ಬೀಸಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆ. ನಾಡಿನೆಲ್ಲೆಡೆ ಖಂಡನೆಯಾಯಿತು; ಅಧಿಕಾರಿಯೊಬ್ಬರು ಅಮಾನತುಗೊಂಡರು. ಆ ದಿನ ನನಗೆ ಚಾಪೆಯ ಮೇಲೆ ಬೆರಳಾಡಿಸಿದ ನನ್ನ ಬಾಲ್ಯದ ರಾತ್ರಿಗಳು ನೆನಪಾದುವು. ನಮ್ಮ ಕೋಣಗಳಿಗಾಗಿ ಬೆಳಗಿನವರೆಗೆ ಬಾರಿಸಿದಾಗ ಯಾರಿಗೂ ಸದ್ದು ಹೆಚ್ಚಾಗಿರಲಿಲ್ಲ.

ಮರುವರ್ಷ 'ಕಾಂತಾರ' ಬಂತು. ಆ ಅಕ್ಟೋಬರಿನಲ್ಲಿ ಸರ್ಕಾರ ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನವನ್ನು ಘೋಷಿಸಿತು. ಎಲ್ಲೆಲ್ಲಿಯೂ ಕರಾವಳಿಯ ಕಲೆಯ ಮಾತೇ ಮಾತು. ಬೆಂಗಳೂರಿನ ಒಂದು ಸಭೆಯಲ್ಲಿ ಕೆರಾಡಿಯವನೆಂದು ನನಗೂ ಶಾಲು ಹೊದಿಸಿದರು. ಮಾತನಾಡಲು ನಿಂತಾಗ, ಇನ್ನು ತಡೆಯಲಾರೆನೆನಿಸಿ, ಹೆಡಗೆಯ ಮಧ್ಯಾಹ್ನದಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಆ ಹಿರಿಯರ ಹೆಸರನ್ನೂ ಹೇಳಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಲವರು ಬಂದು ಕೈ ಹಿಡಿದು, ನಿಮ್ಮ ಪ್ರಾಮಾಣಿಕತೆ ದೊಡ್ಡದು ಎಂದರು. ಹಗುರಾದ ಮನಸ್ಸಿನಿಂದ ಮುಂದಿನ ವಾರವೇ ಊರಿಗೆ ಹೋಗಿ, ಮೊಮ್ಮಗನಿಗೆ ಸುದ್ದಿಯನ್ನು ತಿಳಿಸಿದೆ. ಧ್ವನಿಮುದ್ರಣದ ಹಣವನ್ನು ಇಂದಿನ ಲೆಕ್ಕಕ್ಕೆ ಏರಿಸಿ ಒಂದು ಲಕೋಟೆಯಲ್ಲಿಟ್ಟು ಕೊಂಡುಹೋಗಿದ್ದೆ.

ಅವರು ಲಕೋಟೆಯನ್ನು ಮುಟ್ಟಲಿಲ್ಲ. "ಅಜ್ಜನ ಹೆಸರನ್ನು ನಮ್ಮನ್ನು ಕೇಳಿ ಹೇಳಬಹುದಿತ್ತು," ಎಂದರು. ಸಿಟ್ಟಿನಿಂದಲ್ಲ. "ಚಪ್ಪಾಳೆ ಯಾರಿಗೆ ಬಿತ್ತು?"

ನನಗೆ ಉತ್ತರ ಸಿಗಲಿಲ್ಲ. ಕಡೆಯ ಪೆಟ್ಟನ್ನು ನಾನೇ ಬಾರಿಸಿಬಿಟ್ಟಿದ್ದೆ.

"ಹೆಸರನ್ನು ಬೇಕಾದಾಗ ನಾವೇ ಹೇಳಿಕೊಳ್ಳುತ್ತೇವೆ. ನಿಮಗೆ ಮಾಡಲೇಬೇಕೆಂದಿದ್ದರೆ ಒಂದು ಕೆಲಸವಿದೆ," ಎಂದು ಅವರು ಎದ್ದು ಬಾಗಿಲಿನಿಂದ ನಮ್ಮ ತೋಟದ ಕಡೆ ಕೈ ತೋರಿಸಿದರು. "ಒಂದು ಆಟೋ ಬರುವಷ್ಟು ದಾರಿ ಬಿಡಿ."

ಆಗ ನನಗೆ ತಿಳಿಯಿತು, ಅದುವರೆಗೆ ನಾನು ಕೊಟ್ಟುದು ಮಾತ್ರ ಎಂದು. ತೋಟವನ್ನು ನೋಡಿಕೊಳ್ಳುತ್ತಿರುವವನು ಅಣ್ಣ. ಅಳತೆ ಮಾಡಿದರೆ ಹನ್ನೊಂದು ಅಡಿಕೆ ಮರ ಹೋಗುತ್ತದೆ. ಅಣ್ಣ, "ನಿನಗೇನು, ಬೆಂಗಳೂರಿನಲ್ಲಿ ಕೂತು ಧರ್ಮ ಹೇಳುತ್ತಿ. ನೆಟ್ಟು ನೀರು ಹೊಯ್ದವನು ನಾನು," ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಒಂದು ವರ್ಷ ನಮ್ಮಿಬ್ಬರಿಗೆ ಸರಿಯಾಗಿ ಮಾತೇ ಇರಲಿಲ್ಲ. ನನ್ನ ಪಾಲಿನಲ್ಲಿ ಅಷ್ಟು ಜಾಗವನ್ನು ಮುರಿದುಕೊ ಎಂದರೂ ಕೇಳಲಿಲ್ಲ. ಕೊನೆಗೆ ಮಾತು ತಿರುಗಿಸಿದವಳು ಅತ್ತಿಗೆ. ಒಂದು ಮಳೆಗಾಲದಲ್ಲಿ ಆ ಮನೆಯ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು, ತೋಡಿನ ಅಂಚಿನಲ್ಲಿ ಜಾರುತ್ತ ರಸ್ತೆಗೆ ಒಯ್ದುದನ್ನು ಆಕೆ ಅಡಿಗೆಮನೆಯ ಕಿಟಕಿಯಿಂದ ಕಂಡಿದ್ದಳಂತೆ. "ಅವತ್ತಿಂದ ಆ ಕಿಟಕಿ ತೆಗೆಯುವುದಕ್ಕೇ ನನಗೆ ಮನಸ್ಸಾಗುವುದಿಲ್ಲ," ಎಂದಳು. ಅಣ್ಣ ಏನೂ ಹೇಳಲಿಲ್ಲ. ಮರುದಿನ ಕೊಡಲಿ ಹಿಡಿದು ತಾನೇ ಹೊರಟ.

2024ರ ಮಳೆಗೆ ಮುಂಚೆ ದಾರಿಯಾಯಿತು. ಅದನ್ನು ದಾನವೆಂದು ಬರೆಯಬೇಡಿರೆಂದು ಮೊಮ್ಮಗ ಹೇಳಿದರು; ಪಂಚಾಯತಿಯ ಕಾಗದದಲ್ಲಿ 'ಸಾರ್ವಜನಿಕ ದಾರಿ' ಎಂದೇ ಬರೆದಿದೆ. ಈ ಲೇಖನದಲ್ಲಿ ಅವರ ಅಜ್ಜನ ಹೆಸರು ಇಲ್ಲದಿರುವುದೇಕೆಂದು ವಾಚಕರಿಗೆ ಈಗ ಗೊತ್ತಾಗಿರಬೇಕು. ಬರೆಯುವುದಕ್ಕೆ ಮುಂಚೆ ಈ ಸಲ ಅವರನ್ನು ಕೇಳಿದೆ. ಕಥೆಯನ್ನು ಬರೆಯಬಹುದು, ಹೆಸರು ಬೇಡ ಎಂದರು.

ನನ್ನ ಶಿಷ್ಯರು, ಸಂಗೀತದಿಂದ ಸಮಾಜ ಬದಲಾಗುತ್ತದೆಯೆ ಎಂದು ಕೇಳುತ್ತಾರೆ. ನಾನು ಐವತ್ತು ವರ್ಷ ಬಾರಿಸಿದ ಚಂಡೆಯಿಂದ ಒಂದು ಬೇಲಿಯೂ ಬೀಳಲಿಲ್ಲ. ಅದಕ್ಕೆ ಕೊಡಲಿಯೇ ಬೇಕಾಯಿತು. ಆದರೆ ಆ ಬೇಲಿಯ ಕಡೆಗೆ ನನ್ನನ್ನು ನಡೆಸಿಕೊಂಡು ಹೋದುದು ಒಂದು ಮುಕ್ತಾಯ. ಈಗ ಅದನ್ನು ಕಲಿಸುವಾಗ ಇದು ನನ್ನದಲ್ಲ, ಕೆರಾಡಿಯ ಡೋಲಿನದು ಎಂದು ಹೇಳಿಯೇ ಕಲಿಸುತ್ತೇನೆ.

ಕಳೆದ ಸಲ ಊರಿನಲ್ಲಿದ್ದಾಗ ಗುಡ್ಡದ ಮನೆಯಲ್ಲಿ ಮದುವೆ. ನಮಗೂ ಹೇಳಿಕೆ ಬಂದಿತ್ತು. ಅಣ್ಣ, ಅತ್ತಿಗೆ, ನಾನು ಹೊಸ ದಾರಿಯಲ್ಲಿ ನಡೆದು ಹೋದೆವು. ಪಂಕ್ತಿಯಲ್ಲಿ ಊಟ ಮಾಡಿದೆವು. ಊಟವಾದ ಮೇಲೆ, ಯಾರೂ ಕೇಳದೆ, ಮೊಮ್ಮಗ ಅಟ್ಟದಿಂದ ಅಜ್ಜನ ಡೋಲನ್ನು ಇಳಿಸಿದರು. ಬಾರು ಸಡಿಲವಾಗಿತ್ತು, ಬಿಗಿದರು. ಹುಡುಗಿಯರು ಸುತ್ತ ನಿಂತರು. ಅಷ್ಟು ವರ್ಷ ಬಿಟ್ಟಿದ್ದರೂ ಅವರ ಕೈ ಮರೆತಿರಲಿಲ್ಲ. ಪೆಟ್ಟುಗಳು ಓಡಿ ಬಂದುವು, ಸೇರಿದುವು, ಕೈ ಗಾಳಿಯಲ್ಲಿ ನಿಂತಿತು. ಮದುಮಗಳ ಕಾಲು ನೆಲ ಮುಟ್ಟಿತು.